4ಕೆ ಟಿವಿ ತಗೋಬೇಕಾ, ಈಗಿರೋದೇ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಟಿವಿ ಬದಲಿಸುವ ಮಾತು ಬಂದರೆ ಮೊದಲು ಏಳುವ ಪ್ರಶ್ನೆ 4ಕೆ ಬೇಕಾ ಎನ್ನುವುದು. ಅಂಗಡಿಯಲ್ಲಿ ಕೇಳಿದರೆ ಉತ್ತರ ಯಾವಾಗಲೂ 'ಬೇಕು' ಎಂದೇ ಬರುತ್ತದೆ. ಆದರೆ ಸರಿಯಾದ ಉತ್ತರಕ್ಕೆ ಬೇಕಾದ ಎರಡು ಸಂಗತಿ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ನಿಮ್ಮ ಸೋಫಾ ಟಿವಿಯಿಂದ ಎಷ್ಟು ಅಡಿ ದೂರ ಇದೆ? ದಿನಾ ಸಂಜೆ ನಿಮ್ಮ ಮನೆಯಲ್ಲಿ ಓಡುವುದು ಏನು? ಈ ಎರಡನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

4ಕೆ ಮತ್ತು ಅಲ್ಟ್ರಾ ಎಚ್‌ಡಿ ಬೇರೆ ಬೇರೆಯಾ?

ಮನೆಯ ಟಿವಿ ಮಟ್ಟಿಗೆ ಎರಡೂ ಒಂದೇ. ಪರದೆಯ ಅಗಲಕ್ಕೆ 3840, ಎತ್ತರಕ್ಕೆ 2160 ಪಿಕ್ಸೆಲ್‌ಗಳು. ಒಟ್ಟು ಸುಮಾರು 83 ಲಕ್ಷ ಚುಕ್ಕಿ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080, ಅಂದರೆ 20 ಲಕ್ಷ ಚಿಲ್ಲರೆ. 'ಎಚ್‌ಡಿ ರೆಡಿ' ಎಂದು ಮಾರುವ 32 ಇಂಚಿನ ಟಿವಿಗಳಲ್ಲಿ ಸುಮಾರು ಹತ್ತೂವರೆ ಲಕ್ಷ. ಥಿಯೇಟರ್‌ಗಳಲ್ಲಿ 4ಕೆ ಎಂದರೆ ಅಗಲ 4096 ಪಿಕ್ಸೆಲ್. ಆ ಸಣ್ಣ ವ್ಯತ್ಯಾಸದ ಬಗ್ಗೆ ಮನೆಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಚುಕ್ಕಿಗಳು ನಾಲ್ಕು ಪಟ್ಟು ಆದರೆ ಚಿತ್ರವೂ ನಾಲ್ಕು ಪಟ್ಟು ಚೆನ್ನಾಗಿರುತ್ತಾ?

ಇಲ್ಲ. ಇಲ್ಲಿ ಮಿತಿ ಹಾಕುವುದು ನಮ್ಮ ಕಣ್ಣು. ಕಣ್ಣಿನ ಡಾಕ್ಟರ್ 6/6 ಎಂದು ಬರೆದುಕೊಟ್ಟ ಕಣ್ಣಿಗೂ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣ ವಿವರ ಬೇರೆಯಾಗಿ ಕಾಣುವುದಿಲ್ಲ. ಸ್ವಲ್ಪ ಹಿಂದೆ ಸರಿದು ಕೂತರೆ ಅಕ್ಕಪಕ್ಕದ ಎರಡು ಚುಕ್ಕಿಗಳು ಕಣ್ಣಿಗೆ ಒಂದೇ ಆಗಿಬಿಡುತ್ತವೆ. ಆಮೇಲೆ ಎಷ್ಟು ಚುಕ್ಕಿ ಸೇರಿಸಿದರೂ ಪ್ರಯೋಜನ ಇಲ್ಲ.

ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. 43 ಇಂಚಿನ ಫುಲ್ ಎಚ್‌ಡಿ ಟಿವಿಯನ್ನು ಐದೂವರೆ ಅಡಿಗಿಂತ ದೂರದಿಂದ ನೋಡಿದರೆ ಅದರ ಚುಕ್ಕಿಗಳು ಕಾಣುವುದಿಲ್ಲ. 55 ಇಂಚಿಗೆ ಆ ದೂರ ಸುಮಾರು 7 ಅಡಿ, 65 ಇಂಚಿಗೆ ಎಂಟೂವರೆ ಅಡಿ, 75 ಇಂಚಿಗೆ 10 ಅಡಿಯ ಹತ್ತಿರ. ಇದಕ್ಕಿಂತ ಹತ್ತಿರ ಕೂತರೆ 4ಕೆಯ ಹೆಚ್ಚಿನ ವಿವರ ನಿಮಗೆ ನಿಜವಾಗಿ ಸಿಗುತ್ತದೆ. ದೂರ ಕೂತರೆ ಸಿಗುವುದಿಲ್ಲ. ಕಣ್ಣು ಚುರುಕಾಗಿರುವ ಮಕ್ಕಳಿಗೆ ಸ್ವಲ್ಪ ಜಾಸ್ತಿ ಕಾಣಬಹುದು, ಕನ್ನಡಕ ಬಿಟ್ಟು ಕೂರುವ ಅಜ್ಜನಿಗೆ ಇನ್ನೂ ಕಡಿಮೆ.

ಅಂಗಡಿಯಲ್ಲಿ ವ್ಯತ್ಯಾಸ ಅಷ್ಟು ಎದ್ದು ಕಾಣಲು ಕಾರಣವೂ ಇದೇ. ಅಲ್ಲಿ ನೀವು ಪರದೆಯಿಂದ ಮೂರು ಅಡಿ ದೂರದಲ್ಲಿ ನಿಂತಿರುತ್ತೀರಿ. ಓಡುತ್ತಿರುವುದು ಕಂಪನಿಯೇ ಕೊಟ್ಟ ಹೂವು, ಚಿಟ್ಟೆ, ಜಲಪಾತದ ಡೆಮೊ ವಿಡಿಯೊ. ಅಲ್ಲಿ ಎಂಟು ಅಡಿ ಹಿಂದೆ ಸರಿದು ನೋಡಿ. ನಿಮ್ಮ ಸೋಫಾದಿಂದ ಕಾಣುವುದು ಹೆಚ್ಚುಕಡಿಮೆ ಅಷ್ಟೇ.

ನಮ್ಮ ಹಾಲ್‌ಗೆ ಎಷ್ಟು ಇಂಚು ಸರಿ?

ಟೇಪ್ ಹಿಡಿದು ಅಳೆಯಿರಿ. ಗೋಡೆಯಿಂದ ಗೋಡೆಗೆ ಅಳೆದರೆ ಪ್ರಯೋಜನ ಇಲ್ಲ, ಟಿವಿಯ ಮುಖದಿಂದ ಕೂರುವವರ ಕಣ್ಣಿನವರೆಗೆ ಅಳೆಯಬೇಕು. ಬೆಂಗಳೂರಿನ ಸಾಮಾನ್ಯ ಎರಡು ಬೆಡ್‌ರೂಮ್ ಮನೆಯಲ್ಲಿ ಈ ದೂರ ಏಳರಿಂದ ಒಂಬತ್ತು ಅಡಿ ಬರುತ್ತದೆ. ಅಷ್ಟು ದೂರಕ್ಕೆ 55 ಇಂಚು ಹಿತವಾಗಿರುತ್ತದೆ. ಸಿನಿಮಾ ಜಾಸ್ತಿ ನೋಡುವ ಮನೆಯಾದರೆ 65 ಕೂಡ ಆಗುತ್ತದೆ. ಆರು ಅಡಿಗೆ 43 ಸಾಕು.

55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ, 69 ಸೆಂಟಿಮೀಟರ್ ಎತ್ತರ ಇರುತ್ತದೆ. ಹಳೆಯ ಪೇಪರ್‌ಗಳನ್ನು ಆ ಅಳತೆಗೆ ಅಂಟಿಸಿ ಗೋಡೆ ಮೇಲೆ ಎರಡು ದಿನ ಬಿಡಿ. ಮನೆಯವರೆಲ್ಲ ಓಡಾಡುತ್ತಾ ನೋಡಲಿ. ಜಾಸ್ತಿಯಾಯಿತಾ, ಸಾಲದಾ ಎಂಬುದು ತಾನೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಶೋಕೇಸ್ ಮೇಲೆ, ಬಾಗಿಲಿನ ಎತ್ತರಕ್ಕೆ ಟಿವಿ ನೇತುಹಾಕಬೇಡಿ. ಕೂತಾಗ ನಮ್ಮ ಕಣ್ಣು ನೆಲದಿಂದ ಮೂರೂವರೆ ಅಡಿಯಷ್ಟು ಎತ್ತರದಲ್ಲಿ ಇರುತ್ತದೆ. ಪರದೆಯ ನಡುಭಾಗ ಅಲ್ಲೇ ಬರಬೇಕು. ದೊಡ್ಡ ಟಿವಿಯನ್ನು ತಲೆ ಎತ್ತಿ ನೋಡುವ ಮನೆಗಳಲ್ಲಿ ಹಿರಿಯರಿಗೆ ಕುತ್ತಿಗೆ ನೋವು ಶುರುವಾಗುತ್ತದೆ, ಅದನ್ನು ಟಿವಿಗೆ ಯಾರೂ ಜೋಡಿಸುವುದೇ ಇಲ್ಲ.

ನಾವು ನೋಡುವುದು ಧಾರಾವಾಹಿ, ನ್ಯೂಸ್ ಅಷ್ಟೇ. ನಮಗೆ 4ಕೆ ಬೇಕಾ?

ಚಿತ್ರದ ಗುಣಮಟ್ಟಕ್ಕಾಗಿ ಅಂದರೆ ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಾಸ್ತಿ ಜನ ನಿರಾಶೆ ಪಡುವುದು ಇಲ್ಲೇ.

ಡಿಶ್ ಅಥವಾ ಕೇಬಲ್‌ನಲ್ಲಿ ಬರುವ ಸಾಮಾನ್ಯ ಎಸ್‌ಡಿ ಚಾನೆಲ್‌ನ ಚಿತ್ರ ಹೆಚ್ಚೆಂದರೆ 720 ಮತ್ತು 576 ಪಿಕ್ಸೆಲ್. ಅಂದರೆ ಸುಮಾರು ನಾಲ್ಕು ಲಕ್ಷ ಚುಕ್ಕಿ. 4ಕೆ ಟಿವಿ ಇದನ್ನು 83 ಲಕ್ಷ ಚುಕ್ಕಿಗೆ ಹಿಗ್ಗಿಸಬೇಕು. ಒಂದು ಚುಕ್ಕಿಯ ಮಾಹಿತಿಯಿಂದ ಇಪ್ಪತ್ತು ಚುಕ್ಕಿ ತುಂಬಬೇಕು. ಒಂದು ಲೋಟ ಮಜ್ಜಿಗೆಗೆ ಹತ್ತೊಂಬತ್ತು ಲೋಟ ನೀರು ಬೆರೆಸಿದ ಹಾಗೆ. ಟಿವಿಯೊಳಗಿನ ಚಿಪ್ ಎಷ್ಟೇ ಜಾಣ ಆಗಿದ್ದರೂ ಇಲ್ಲದ ವಿವರವನ್ನು ತರಲು ಆಗುವುದಿಲ್ಲ. ಅದಕ್ಕೇ 'ಹಳೇ ಟಿವಿಯಲ್ಲೇ ಚೆನ್ನಾಗಿ ಬರ್ತಿತ್ತು' ಎಂದು ಅಮ್ಮ ಹೇಳಿದರೆ ಅದು ಸುಮ್ನೆ ಹೇಳುವ ಮಾತಲ್ಲ. 32 ಇಂಚಿನಲ್ಲಿ ಮರೆಯಾಗಿದ್ದ ಮಸುಕು 55 ಇಂಚಿನಲ್ಲಿ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಮೊದಲು ಸೆಟ್ ಟಾಪ್ ಬಾಕ್ಸ್ ನೋಡಿ. ಬಾಕ್ಸ್‌ನಿಂದ ಟಿವಿಗೆ ಕೆಂಪು, ಬಿಳಿ, ಹಳದಿ ಪಿನ್ನಿನ ವೈರ್ ಹೋಗಿದ್ದರೆ ನಿಮಗೆ ಬರುತ್ತಿರುವುದು ಎಸ್‌ಡಿ ಚಿತ್ರ. ಎಚ್‌ಡಿ ಬಾಕ್ಸ್ ಹಾಕಿಸಿ, ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಈ ನಾಲ್ಕಕ್ಕೂ ಎಚ್‌ಡಿ ಚಾನೆಲ್ ಇದೆ. ನಿಮ್ಮ ಪ್ಯಾಕ್‌ನಲ್ಲಿ ಎಸ್‌ಡಿ ಬದಲು ಎಚ್‌ಡಿ ಹಾಕಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಬಾಕ್ಸ್ ಇದ್ದೂ ರಿಮೋಟ್‌ನಲ್ಲಿ ಹಳೆಯ ಎಸ್‌ಡಿ ನಂಬರ್ ಒತ್ತಿಯೇ ನೋಡುತ್ತಿರುತ್ತಾರೆ. ಈ ಬದಲಾವಣೆಗೆ ಆಗುವ ಖರ್ಚು ಟಿವಿ ಬೆಲೆಯ ಮುಂದೆ ಏನೂ ಇಲ್ಲ. ಕಣ್ಣಿಗೆ ಕಾಣುವ ಲಾಭ ಮಾತ್ರ ಈಗಿರುವ ಟಿವಿಯಲ್ಲೇ ಸಿಗುತ್ತದೆ.

ಡಿಡಿ ಫ್ರೀ ಡಿಶ್ ನೋಡುವವರಿಗೆ ಇನ್ನೂ ನೇರವಾಗಿ ಹೇಳಬಹುದು. ಅದರಲ್ಲಿ ಬರುವ ಚಾನೆಲ್‌ಗಳು ಬಹುಪಾಲು ಎಸ್‌ಡಿ. 32 ಅಥವಾ 43 ಇಂಚಿನ ಟಿವಿಯೇ ಅದಕ್ಕೆ ಹೊಂದುತ್ತದೆ.

ಹಾಗಾದರೆ 4ಕೆಯಲ್ಲಿ ನೋಡಲು ಏನಿದೆ?

ಮುಖ್ಯವಾಗಿ ಒಟಿಟಿ ಮತ್ತು ಯೂಟ್ಯೂಬ್. ಆದರೆ ಒಟಿಟಿ ಚಂದಾ ಇದೆ ಎಂದ ಮಾತ್ರಕ್ಕೆ 4ಕೆ ಬರುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ತಿಂಗಳಿಗೆ 649 ರೂಪಾಯಿಯ ಪ್ರೀಮಿಯಂ ಪ್ಲಾನ್‌ಗೆ ಮಾತ್ರ 4ಕೆ. 499ರ ಪ್ಲಾನ್‌ನಲ್ಲಿ ಫುಲ್ ಎಚ್‌ಡಿವರೆಗೆ ಮಾತ್ರ. ವ್ಯತ್ಯಾಸ ವರ್ಷಕ್ಕೆ 1800 ರೂಪಾಯಿ. ಟಿವಿ ಖರ್ಚು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಜಿಯೋಹಾಟ್‌ಸ್ಟಾರ್‌ನಲ್ಲೂ 4ಕೆ ಇರುವುದು ಪ್ರೀಮಿಯಂನಲ್ಲಿ. ಅಮೆಜಾನ್ ಪ್ರೈಮ್‌ನ ಪೂರ್ತಿ ಚಂದಾದಲ್ಲಿ ಇದೆ, ಅಗ್ಗದ ಪ್ರೈಮ್ ಲೈಟ್‌ನಲ್ಲಿ ಇಲ್ಲ.

ಕನ್ನಡ ಸಿನಿಮಾಗಳ ವಿಷಯದಲ್ಲಿ ಒಂದೊಂದನ್ನೂ ತೆರೆದು ನೋಡಬೇಕು. ಸಿನಿಮಾದ ಹೆಸರಿನ ಕೆಳಗೆ ಯುಎಚ್‌ಡಿ ಅಥವಾ 4ಕೆ ಎಂಬ ಗುರುತು ಇದ್ದರೆ ಮಾತ್ರ ಅದು 4ಕೆ. ಕ್ಯಾಮೆರಾದಲ್ಲಿ 4ಕೆಯಲ್ಲೇ ತೆಗೆದಿದ್ದರೂ ಒಟಿಟಿಗೆ ಫುಲ್ ಎಚ್‌ಡಿ ಪ್ರತಿ ಮಾತ್ರ ಬಂದಿರಬಹುದು. ನೀವು ಕಳೆದ ಕೆಲವು ತಿಂಗಳಲ್ಲಿ ನೋಡಿದ ಸಿನಿಮಾ, ಸರಣಿಗಳ ಪಟ್ಟಿ ಆಪ್‌ನಲ್ಲೇ ಇರುತ್ತದೆ. ಅದರಲ್ಲಿ ಎಷ್ಟಕ್ಕೆ ಆ ಗುರುತು ಇದೆ ಎಂದು ನೋಡಿದರೆ ನಿಮ್ಮ ಮನೆಗೆ 4ಕೆ ಎಷ್ಟು ಉಪಯೋಗ ಎಂದು ಗೊತ್ತಾಗುತ್ತದೆ.

ಕ್ರಿಕೆಟ್‌ನಲ್ಲಿ ಪ್ರಯತ್ನಗಳು ಹಳೆಯವು. 2015ರ ವಿಶ್ವಕಪ್ ಹೊತ್ತಿಗೆ ಟಾಟಾ ಸ್ಕೈ 4ಕೆ ಬಾಕ್ಸ್ ತಂದಿತ್ತು, ಕೆಲವು ಪಂದ್ಯಗಳು 4ಕೆಯಲ್ಲಿ ಬಂದವು. 2023ರಲ್ಲಿ ಜಿಯೋಸಿನಿಮಾ ಐಪಿಎಲ್ ಅನ್ನು 4ಕೆಯಲ್ಲಿ ತೋರಿಸಿತು. ಆದರೂ ದಿನನಿತ್ಯದ ಟಿವಿ ಚಾನೆಲ್‌ಗಳು ಇವತ್ತಿಗೂ ಎಚ್‌ಡಿಯನ್ನು ದಾಟಿಲ್ಲ.

ಹಳೆಯ ಸಿನಿಮಾಗಳಿಗೆ 4ಕೆಯಿಂದ ಏನು ಪ್ರಯೋಜನ?

ಅಚ್ಚರಿ ಎನಿಸಬಹುದು, ಇಲ್ಲಿ ಪ್ರಯೋಜನ ದೊಡ್ಡದು. 35 ಎಂಎಂ ಫಿಲ್ಮ್ ನೆಗೆಟಿವ್‌ನಲ್ಲಿ ಫುಲ್ ಎಚ್‌ಡಿಗಿಂತ ಜಾಸ್ತಿ ವಿವರ ಇರುತ್ತದೆ. ಅದನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಕಲೆ, ಗೀರು ತೆಗೆದರೆ 4ಕೆ ಪರದೆಯಲ್ಲಿ ಹೊಸದಾಗಿ ಕಾಣುತ್ತದೆ. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ'ವನ್ನು ಹೀಗೆ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಇನ್ನಷ್ಟು ಸಿನಿಮಾಗಳಿಗೆ ಈ ಭಾಗ್ಯ ಸಿಗಬೇಕು ಎಂಬುದು ನನ್ನ ದೊಡ್ಡ ಆಸೆ. ಆದರೆ ಹಳೆಯ ವಿಸಿಡಿಯಿಂದ ಎತ್ತಿ ಯೂಟ್ಯೂಬ್‌ಗೆ ಹಾಕಿ '4ಕೆ' ಎಂದು ಬರೆದ ಹಾಡುಗಳನ್ನು ನಂಬಬೇಡಿ. ಅವು ಹಿಗ್ಗಿಸಿದ ಚಿತ್ರಗಳು.

ಇಂಟರ್ನೆಟ್ ಎಷ್ಟು ಸ್ಪೀಡ್ ಇರಬೇಕು?

4ಕೆಗೆ 15 ಎಂಬಿಪಿಎಸ್ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ, ಯೂಟ್ಯೂಬ್ 20 ಎನ್ನುತ್ತದೆ. ಮನೆಯಲ್ಲಿ ಬೇರೆಯವರ ಫೋನ್, ಲ್ಯಾಪ್‌ಟಾಪ್ ಕೂಡ ಓಡುತ್ತಿರುತ್ತವೆ ಅಲ್ವಾ? ಹಾಗಾಗಿ 50 ಎಂಬಿಪಿಎಸ್ ಇದ್ದರೆ ನೆಮ್ಮದಿ.

ಸ್ಪೀಡ್‌ಗಿಂತ ಡೇಟಾ ಕಡೆ ಗಮನ ಇರಲಿ. 4ಕೆ ವಿಡಿಯೊ ಗಂಟೆಗೆ 7 ಜಿಬಿವರೆಗೆ ತಿನ್ನುತ್ತದೆ. ದಿನಕ್ಕೆ ಮೂರು ಗಂಟೆ ನೋಡಿದರೆ ತಿಂಗಳಿಗೆ 630 ಜಿಬಿ. ಫೈಬರ್ ಪ್ಲಾನ್‌ಗಳಲ್ಲಿ 'ಅನ್‌ಲಿಮಿಟೆಡ್' ಎಂದಿದ್ದರೂ ಒಂದು ಮಿತಿ ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ನಿಮ್ಮ ಪ್ಲಾನ್‌ನ ಮಿತಿ ಕೇಳಿಕೊಳ್ಳಿ. ಊರಲ್ಲಿ ಫೈಬರ್ ಇನ್ನೂ ಬಂದಿಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಟಿವಿ ನೋಡುತ್ತೀರಿ ಎಂದಾದರೆ ದಿನಕ್ಕೆ 2 ಜಿಬಿ ಪ್ಯಾಕ್ 4ಕೆಯಲ್ಲಿ ಹದಿನೇಳು ನಿಮಿಷಕ್ಕೆ ಮುಗಿಯುತ್ತದೆ. ಅಂಥ ಕಡೆ 4ಕೆಗೆಂದು ಟಿವಿ ಬದಲಿಸುವುದರಲ್ಲಿ ಅರ್ಥ ಇಲ್ಲ. ಫೈಬರ್ ಬರುವವರೆಗೆ ಕಾಯಿರಿ.

ರೂಟರ್ ಟಿವಿ ಹತ್ತಿರವೇ ಇದ್ದರೆ ಲ್ಯಾನ್ ಕೇಬಲ್ ಹಾಕಿಬಿಡಿ. ಆಗದಿದ್ದರೆ ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಜೋಡಿಸಿ. ಆದರೆ ನಡುವೆ ದಪ್ಪ ಗೋಡೆ ಎರಡಿದ್ದರೆ ಅದು ಸೋಲುತ್ತದೆ.

ಎಚ್‌ಡಿಆರ್ ಎಂದರೆ ಏನು? ಅದು ಬೇಕೇ ಬೇಕಾ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಹೊಸ ಟಿವಿಯಲ್ಲಿ ಸೋಫಾದಿಂದಲೂ ಕಣ್ಣಿಗೆ ಹೊಡೆಯುವಂತೆ ಕಾಣುವ ಬದಲಾವಣೆ ಬರುವುದು ಎಚ್‌ಡಿಆರ್‌ನಿಂದ. ಪಿಕ್ಸೆಲ್ ಎಣಿಕೆಯ ಪಾಲು ಅದರಲ್ಲಿ ಕಡಿಮೆ.

ಎಚ್‌ಡಿಆರ್ ಎಂದರೆ ಚಿತ್ರದ ಬೆಳಕು, ಕತ್ತಲೆಯ ಹರವನ್ನು ಹಿಗ್ಗಿಸುವ ವಿಧಾನ. ಮಾಮೂಲಿ ವಿಡಿಯೊವನ್ನು ಸುಮಾರು 100 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕಿಗೆ ಹೊಂದಿಸಿ ಸಿದ್ಧ ಮಾಡುತ್ತಾರೆ. ಎಚ್‌ಡಿಆರ್ ವಿಡಿಯೊವನ್ನು ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಅದಕ್ಕಿಂತ ಜಾಸ್ತಿಗೆ. ಹಾಗಾಗಿ ದೀಪದ ಜ್ವಾಲೆ, ಕತ್ತಿಯ ಹೊಳಪು, ಮಳೆ ನಿಂತ ಮೇಲಿನ ಬಿಸಿಲು ನಿಜಕ್ಕೆ ಹತ್ತಿರ ಕಾಣುತ್ತವೆ. ಕತ್ತಲ ದೃಶ್ಯದಲ್ಲೂ ಮುಖದ ವಿವರ ಕಳೆದುಹೋಗುವುದಿಲ್ಲ. ಬಣ್ಣಗಳ ಹರವೂ ಜಾಸ್ತಿ.

ತೊಂದರೆ ಏನೆಂದರೆ ಅಗ್ಗದ 4ಕೆ ಟಿವಿಗಳ ಡಬ್ಬದ ಮೇಲೂ 'ಎಚ್‌ಡಿಆರ್ 10' ಎಂದು ಅಚ್ಚಾಗಿರುತ್ತದೆ. ಆ ಟಿವಿಗೆ ಎಚ್‌ಡಿಆರ್ ಸಿಗ್ನಲ್ ಓದಲು ಬರುತ್ತದೆ ಎಂದಷ್ಟೇ ಅದರ ಅರ್ಥ. ಪರದೆಯ ಬೆಳಕು 250-300 ನಿಟ್ಸ್ ಮಾತ್ರ ಇದ್ದರೆ ಅದನ್ನು ತೋರಿಸಲು ಆಗುವುದಿಲ್ಲ. ಕೆಲವು ಸಲ ಚಿತ್ರ ಇನ್ನೂ ಕಪ್ಪಾಗಿ ಕಾಣುತ್ತದೆ, 'ಏನೋ ಮಬ್ಬು' ಎಂದು ಜನ ಎಚ್‌ಡಿಆರ್ ಅನ್ನೇ ಆಫ್ ಮಾಡುತ್ತಾರೆ. ಒಳ್ಳೆಯ ಎಚ್‌ಡಿಆರ್ ಬೇಕಿದ್ದರೆ ಕನಿಷ್ಠ 600 ನಿಟ್ಸ್ ಬೆಳಕು ಮತ್ತು ಲೋಕಲ್ ಡಿಮ್ಮಿಂಗ್ ಎರಡೂ ಇವೆಯಾ ಎಂದು ಕೇಳಿ. ಲೋಕಲ್ ಡಿಮ್ಮಿಂಗ್ ಇದ್ದರೆ ಪರದೆಯ ಹಿಂದಿನ ದೀಪಗಳು ಭಾಗ ಭಾಗವಾಗಿ ಮಂದ ಆಗುತ್ತವೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಮಂಕಾದ 65 ಇಂಚಿನ ಟಿವಿಗೆ ಕೊಡುವ ದುಡ್ಡಿನಲ್ಲಿ ಬೆಳಕು ಚೆನ್ನಾಗಿರುವ 55 ಇಂಚಿನದು ಸಿಗುವುದಾದರೆ 55ನ್ನೇ ತೆಗೆದುಕೊಳ್ಳಿ.

ಓಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ: ಯಾವುದು?

ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಬೇಡದಾಗ ಪೂರ್ತಿ ಆರುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಒಂದು ಎಚ್ಚರ ಬೇಕು. ಬೆಳಗ್ಗೆಯಿಂದ ರಾತ್ರಿವರೆಗೆ ಕನ್ನಡ ನ್ಯೂಸ್ ಚಾನೆಲ್ ಹಾಕಿ ಬಿಡುವ ಮನೆಯಾದರೆ ಓಎಲ್‌ಇಡಿ ಬೇಡ. ಕೆಳಗೆ ಓಡುವ ಕೆಂಪು ಪಟ್ಟಿ, ಮೂಲೆಯ ಲೋಗೋ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಇದ್ದರೆ ಅದರ ನೆರಳು ಪರದೆಯಲ್ಲಿ ಕಾಯಂ ಉಳಿಯುವ ಅಪಾಯ ಇದೆ. ಇದನ್ನು ಬರ್ನ್ ಇನ್ ಎನ್ನುತ್ತಾರೆ. ಹೊಸ ಟಿವಿಗಳಲ್ಲಿ ಇದನ್ನು ತಡೆಯುವ ಉಪಾಯಗಳಿವೆ, ಆದರೂ ಅಪಾಯ ಪೂರ್ತಿ ಹೋಗಿಲ್ಲ.

ಕ್ಯೂಎಲ್‌ಇಡಿ ಎಂಬುದು ಎಲ್‌ಇಡಿ ಬೆಳಕಿನ ಎಲ್‌ಸಿಡಿ ಟಿವಿಯೇ. ಬಣ್ಣ ಹೆಚ್ಚಿಸುವ ಒಂದು ಪದರ ಜಾಸ್ತಿ ಇರುತ್ತದೆ. ಹೆಸರು ಹತ್ತಿರ ಇದೆ ಎಂದು ಓಎಲ್‌ಇಡಿಯ ತಮ್ಮ ಎಂದುಕೊಳ್ಳಬೇಡಿ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಸಣ್ಣವು, ತುಂಬ ಇರುತ್ತವೆ. ಹಗಲು ಹೊತ್ತು ಕಿಟಕಿ ಬೆಳಕು ಬೀಳುವ ಹಾಲ್‌ಗೆ ನನ್ನ ಆಯ್ಕೆ ಇದೇ.

ಮನೆಯಲ್ಲಿ ಹತ್ತು ಜನ ಸೋಫಾ, ದಿವಾನ, ನೆಲ ಎಂದು ಎಲ್ಲೆಲ್ಲೋ ಕೂತು ನೋಡುತ್ತೀರಾ? ಹಾಗಾದರೆ ಐಪಿಎಸ್ ಎಂಬ ಬಗೆಯ ಪ್ಯಾನೆಲ್ (ಪರದೆ) ಕೇಳಿ, ಬದಿಯಿಂದಲೂ ಬಣ್ಣ ಮಾಸುವುದಿಲ್ಲ. ನೇರ ಎದುರು ಕೂರುವವರಿಗೆ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಬಣ್ಣ ಗಾಢವಾಗಿ ಸಿಗುತ್ತದೆ.

ಈಗಿರುವ ಫುಲ್ ಎಚ್‌ಡಿ ಟಿವಿ ಚೆನ್ನಾಗೇ ಇದೆ. ಬದಲಿಸಲಾ?

ಬೇಡ. ಅದರ ಆಪ್‌ಗಳು ನಿಧಾನ ಆಗಿವೆ ಎಂಬುದೇ ಕಾರಣವಾದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿ, ಕೆಲವು ಸಾವಿರ ರೂಪಾಯಿಗೆ ಟಿವಿ ಮತ್ತೆ ಚುರುಕಾಗುತ್ತದೆ. ಪರದೆಯೇ ಚಿಕ್ಕದು ಅನಿಸುತ್ತಿದೆ, ಎಂಟು ಅಡಿಯಿಂದ ಸಬ್‌ಟೈಟಲ್ ಓದಲು ಆಗುತ್ತಿಲ್ಲ ಎಂದರೆ ಅದು ಬದಲಿಸಲು ಒಳ್ಳೆಯ ಕಾರಣ.

ಟಿವಿ ಕೆಟ್ಟೇ ಹೋಗಿದ್ದರೆ ಯೋಚನೆ ಬೇರೆ. 43 ಇಂಚಿಗಿಂತ ದೊಡ್ಡ ಟಿವಿಗಳು ಈಗ ಹೆಚ್ಚುಕಡಿಮೆ ಎಲ್ಲವೂ 4ಕೆ. 50, 55 ಇಂಚಿನಲ್ಲಿ ಫುಲ್ ಎಚ್‌ಡಿ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಆಗ 4ಕೆ ತಾನಾಗಿಯೇ ಮನೆಗೆ ಬರುತ್ತದೆ. ನಿಮ್ಮ ತಲೆಬಿಸಿ ಎಲ್ಲ ಬೆಳಕು, ಪ್ಯಾನೆಲ್, ಸರ್ವಿಸ್ ಮೇಲೆ ಇರಲಿ. 32 ಇಂಚಿಗೆ ಮಾತ್ರ 4ಕೆ ಹುಡುಕಬೇಡಿ, ಫುಲ್ ಎಚ್‌ಡಿ ಸಿಕ್ಕರೆ ಅದೇ ಸಾಕು.

ಹೊಸ ಟಿವಿಯಲ್ಲಿ ಸಿನಿಮಾ ಧಾರಾವಾಹಿ ತರ ಕಾಣ್ತಿದೆ. ಟಿವಿ ಕೆಟ್ಟಿದೆಯಾ?

ಕೆಟ್ಟಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತದೆ. ಟಿವಿ ನಡುನಡುವೆ ತಾನೇ ಚಿತ್ರ ಸೃಷ್ಟಿಸಿ ತುಂಬುತ್ತದೆ, ಅದರಿಂದ ಎಲ್ಲವೂ ಜಾರಿದ ಹಾಗೆ ನುಣ್ಣಗೆ ಕಾಣುತ್ತದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂಬ ಹೆಸರಿನಲ್ಲಿ ಇದು ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. ಚಿತ್ರದ ಮೋಡ್ 'ವಿವಿಡ್' ಇದ್ದರೆ 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಮಾಡಿ. ಮೊದಲು ಸ್ವಲ್ಪ ಹಳದಿ ಅನಿಸುತ್ತದೆ. ಎರಡು ದಿನ ಬಿಟ್ಟರೆ ಕಣ್ಣು ಹೊಂದಿಕೊಳ್ಳುತ್ತದೆ, ಮುಖದ ಬಣ್ಣ ಮುಖದ ಬಣ್ಣದಂತೆ ಕಾಣತೊಡಗುತ್ತದೆ.

ಎಚ್‌ಡಿಎಂಐ ಕೇಬಲ್ ದುಬಾರಿಯದೇ ಬೇಕಾ?

ಬೇಡ. 'ಪ್ರೀಮಿಯಂ ಹೈ ಸ್ಪೀಡ್' ಎಂದು ಬರೆದಿರುವುದು ಸಿನಿಮಾ, ಸೆಟ್ ಟಾಪ್ ಬಾಕ್ಸ್‌ಗೆ ಸಾಕು. ಪ್ಲೇಸ್ಟೇಷನ್ 5 ತರಹದ ಗೇಮ್ ಯಂತ್ರ ಇದ್ದರೆ 'ಅಲ್ಟ್ರಾ ಹೈ ಸ್ಪೀಡ್' ತೆಗೆದುಕೊಳ್ಳಿ. ಗೇಮ್ ಆಡುವವರು ಟಿವಿ ಕೊಳ್ಳುವಾಗ 'ಎಚ್‌ಡಿಎಂಐ 2.1' ಎಂಬ ಮಾತಿಗೆ ತೃಪ್ತರಾಗಬಾರದು. 4ಕೆಯಲ್ಲಿ 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ಬರುತ್ತದಾ, ಪ್ಯಾನೆಲ್ ಕೂಡ 120 ಹರ್ಟ್ಸ್‌ನದೇನಾ ಎಂದು ಬಿಡಿಸಿ ಕೇಳಬೇಕು.

8ಕೆ ಬರುತ್ತದಂತೆ, ಅದಕ್ಕೆ ಕಾಯಲಾ?

ಬೇಡ. ಅದರಲ್ಲಿ ನೋಡಲು ಏನೂ ಇಲ್ಲ, ಇದ್ದರೂ ಸೋಫಾದಿಂದ ಕಾಣುವುದಿಲ್ಲ.

ಕರೆಂಟ್ ಬಿಲ್ ಎಷ್ಟು ಏರುತ್ತದೆ?

32 ಇಂಚಿನ ಟಿವಿ ಸುಮಾರು 45 ವ್ಯಾಟ್ ಎಳೆಯುತ್ತದೆ, 55 ಇಂಚಿನ 4ಕೆ ಟಿವಿ 120 ವ್ಯಾಟ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 11 ಯೂನಿಟ್ ಜಾಸ್ತಿ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಎಪ್ಪತ್ತು ರೂಪಾಯಿ ಒಳಗೆ.

ಆದರೆ ಗೃಹಜ್ಯೋತಿ ಪಡೆಯುವ ಮನೆಗಳು ಇನ್ನೊಂದು ಲೆಕ್ಕ ಹಾಕಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಇದೆ. ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕೊಡಬೇಕು, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನೀವು ಈಗಾಗಲೇ 190ರ ಹತ್ತಿರ ಇದ್ದರೆ ಆ 11 ಯೂನಿಟ್ ಬಹಳ ದುಬಾರಿ ಬೀಳುತ್ತದೆ. ಬಿಇಇ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಎರಡು ಮಾಡೆಲ್ ಹೋಲಿಸುವಾಗ ಅದನ್ನು ನೋಡಿ.

ಯಾವಾಗ ಕೊಂಡರೆ ಲಾಭ?

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬೇರೆಲ್ಲ ಹಾಗೇ ಇದ್ದರೆ ಬೆಲೆ ಶೇ. 8ರಷ್ಟು ಕಡಿಮೆ ಆದಂತೆ. ಅದರ ಮೇಲೆ ದಸರಾ, ದೀಪಾವಳಿ, ಗಣರಾಜ್ಯೋತ್ಸವದ ಹೊತ್ತಿಗೆ ಒಳ್ಳೆಯ ಆಫರ್ ಬರುತ್ತವೆ. ಮಾಡೆಲ್ ನಂಬರ್ ಅಕ್ಷರ ಅಕ್ಷರ ಬರೆದಿಟ್ಟುಕೊಳ್ಳಿ. ಒಂದಕ್ಷರ ಬೇರೆಯಾದರೆ ಪ್ಯಾನೆಲ್ಲೇ ಬೇರೆ ಇರಬಹುದು. ಆನ್‌ಲೈನ್ ಬೆಲೆ ತೋರಿಸಿ ಊರಿನ ಅಂಗಡಿಯಲ್ಲಿ ಚೌಕಾಸಿ ಮಾಡಿ. ಎಷ್ಟೋ ಸಲ ಅದೇ ಬೆಲೆಗೆ ಕೊಡುತ್ತಾರೆ, ನಾಳೆ ತೊಂದರೆ ಬಂದರೆ ಕೇಳಲು ಒಬ್ಬ ಮನುಷ್ಯನೂ ಇರುತ್ತಾನೆ. 'ನೋ ಕಾಸ್ಟ್' ಇಎಂಐ ಎಂದರೂ ಪ್ರೊಸೆಸಿಂಗ್ ಶುಲ್ಕ ಇದೆಯಾ ಎಂದು ನೋಡಿ.

ತಾಲೂಕು ಊರುಗಳಲ್ಲಿ ಇರುವವರು ಒಂದು ಪ್ರಶ್ನೆ ತಪ್ಪದೆ ಕೇಳಿ: ಸರ್ವಿಸ್ ಮಾಡುವವರು ಎಲ್ಲಿಂದ ಬರುತ್ತಾರೆ? ಜಿಲ್ಲಾ ಕೇಂದ್ರದಿಂದಲೂ ಬರದ ಕಂಪನಿಯ ಟಿವಿ ಎಷ್ಟೇ ಅಗ್ಗ ಇದ್ದರೂ ನಾನು ಬೇಡ ಎನ್ನುತ್ತೇನೆ. ಪ್ಯಾನೆಲ್ ಹೋದರೆ ರಿಪೇರಿ ಖರ್ಚು ಹೊಸ ಟಿವಿಯ ಬೆಲೆಗೆ ಹತ್ತಿರ ಬರುತ್ತದೆ. ಹಾಗಾಗಿ ಪ್ಯಾನೆಲ್‌ಗೆ ವಾರಂಟಿ ಎಷ್ಟು ವರ್ಷ ಎಂಬುದನ್ನು ಬಿಲ್ ಮಾಡುವ ಮೊದಲೇ ಕೇಳಿ.

ಅಮೆರಿಕದಲ್ಲಿರುವ ಅಣ್ಣ ಅಲ್ಲಿಂದ ಟಿವಿ ತರ್ತೀನಿ ಅಂತಿದ್ದಾನೆ. ತರಿಸಲಾ?

ಪ್ರೀತಿಯಿಂದಲೇ ಬೇಡ ಎನ್ನಿ. ಅಲ್ಲಿನ ಕೆಲವು ಮಾಡೆಲ್‌ಗಳು 120 ವೋಲ್ಟ್‌ಗೆ ಮಾತ್ರ ಮಾಡಿದವು, ನಮ್ಮದು 230. ನಮ್ಮ ಸೆಟ್ ಟಾಪ್ ಬಾಕ್ಸ್‌ಗಳ 50 ಹರ್ಟ್ಸ್ ಚಿತ್ರ ಕೆಲವಕ್ಕೆ ಹಿಡಿಸುವುದಿಲ್ಲ. ಅಲ್ಲಿನ ವಾರಂಟಿ ಇಲ್ಲಿ ನಡೆಯುವುದಿಲ್ಲ. 2013ರ ಆಗಸ್ಟ್‌ನಲ್ಲಿ ಸರ್ಕಾರ ಲಗೇಜಿನಲ್ಲಿ ತರುವ ಫ್ಲಾಟ್ ಪ್ಯಾನೆಲ್ ಟಿವಿಗಳನ್ನು ಸುಂಕದ ವಿನಾಯಿತಿಯಿಂದ ತೆಗೆದ ಮೇಲೆ ಇದ್ದ ಲಾಭವೂ ಹೋಯಿತು.

ಸೌಂಡ್ ಸಾಲುವುದಿಲ್ಲ ಅಂತಾರೆ, ನಿಜವಾ?

ನಿಜ. ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಕಡಿಮೆ. ಮಾತು ಸ್ಪಷ್ಟ ಕೇಳದೆ ಜನ ಸಬ್‌ಟೈಟಲ್ ಹಾಕಿಕೊಂಡು ಕನ್ನಡ ಸಿನಿಮಾ ನೋಡುವ ಹಾಗಾಗಿದೆ. ಬಜೆಟ್‌ನಲ್ಲಿ ಸೌಂಡ್‌ಬಾರ್‌ಗೆ ಒಂದಿಷ್ಟು ಎತ್ತಿಡಿ. ಅದನ್ನು ಇಆರ್ಕ್ ಅಥವಾ ಆರ್ಕ್ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಹಾಕಬೇಕು, ಆಗ ಒಂದೇ ರಿಮೋಟ್‌ನಲ್ಲಿ ಎರಡೂ ನಡೆಯುತ್ತದೆ.

ಮಲೆನಾಡಿನಲ್ಲಿ ಸಿಡಿಲು ಜಾಸ್ತಿ. ಸ್ಟೆಬಿಲೈಜರ್ ಇದ್ದರೆ ಸಾಕಾ?

ಸಾಲದು. ಸ್ಟೆಬಿಲೈಜರ್ ಇರುವುದು ವೋಲ್ಟೇಜ್ ಏರಿಳಿತಕ್ಕೆ. ಸಿಡಿಲಿಗೆ ಅದು ಅಡ್ಡ ಬರಲಾರದು. ಗುಡುಗು ಶುರುವಾಗುತ್ತಿದ್ದಂತೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಕೆಂದುಕೊಳ್ಳಬೇಡಿ. ಡಿಶ್‌ನ ಕೇಬಲ್, ಲ್ಯಾನ್ ವೈರ್ ಕೂಡ ಬಿಚ್ಚಿ. ಪ್ಲಗ್ ಕಿತ್ತರೂ ಡಿಶ್ ವೈರ್ ಮೂಲಕ ಬಂದು ಎಚ್‌ಡಿಎಂಐ ಕಿಂಡಿ ಸುಟ್ಟುಹೋಗುವುದುಂಟು. ಮನೆಯ ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸಾಧನ) ಕೂಡ ಕೆಲಸ ಮಾಡುವುದು ಅರ್ಥಿಂಗ್ ಇದ್ದರೆ ಮಾತ್ರ.

ಟಿವಿ ಮನೆಗೆ ಬಂದ ದಿನ ಏನೇನು ನೋಡಬೇಕು?

ಡಬ್ಬ ತೆರೆಯುವುದನ್ನು ಫೋನ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಕಂಪನಿಯವರೇ ಬಂದು ತೆರೆಯಬೇಕೆಂದು ಷರತ್ತು ಇದ್ದರೆ ಅವರಿಗೆ ಕಾಯಿರಿ. ಪರದೆಗೆ ಏಟು ಬಿದ್ದಿದ್ದರೆ ವಾರಂಟಿ ಬರುವುದಿಲ್ಲ, ಆದ್ದರಿಂದ ಅವರು ಹೊರಡುವ ಮೊದಲೇ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಗೆರೆ, ಚುಕ್ಕಿ ಇದೆಯಾ ನೋಡಿ. ಯೂಟ್ಯೂಬ್‌ನಲ್ಲಿ ಒಂದು 4ಕೆ ವಿಡಿಯೊ ಹಾಕಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆನ್ ಮಾಡಿದರೆ ಬರುತ್ತಿರುವುದು ನಿಜವಾಗಿ 2160 ಗೆರೆಯದಾ ಎಂದು ಅಲ್ಲೇ ಕಾಣುತ್ತದೆ.

ಹಳೆಯ ಟಿವಿಯನ್ನು ಏನು ಮಾಡುವುದು?

ಓಡುತ್ತಿದ್ದರೆ ಎಕ್ಸ್‌ಚೇಂಜ್‌ನಲ್ಲಿ ಎಷ್ಟು ಕೊಡುತ್ತಾರೆ ಎಂದು ಕೇಳಿ. ತೀರಾ ಕಡಿಮೆ ಎಂದರೆ ಊರಿನ ಅಂಗನವಾಡಿಗೋ ಶಾಲೆಗೋ ಬೇಕಾ ಎಂದು ವಿಚಾರಿಸಿ. ಎಚ್‌ಡಿಎಂಐ ಕಿಂಡಿ ಇರುವ ಟಿವಿಯಾದರೆ ಅವರಿಗೆ ಪಾಠದ ವಿಡಿಯೊ ತೋರಿಸಲು ಒದಗುತ್ತದೆ. ಕೆಟ್ಟಿದ್ದರೆ ಗುಜರಿಗೆ ಹಾಕಬೇಡಿ, ಅದರಲ್ಲೂ ಹಳೆಯ ಡಬ್ಬ ಟಿವಿಗಳನ್ನು. ಅವುಗಳ ಗಾಜಿನಲ್ಲಿ ಸೀಸ ಇರುತ್ತದೆ. ಒಡೆದು, ಸುಟ್ಟು ತಾಮ್ರ ತೆಗೆಯುವವರ ಆರೋಗ್ಯಕ್ಕೂ ಮಣ್ಣಿಗೂ ಅದು ವಿಷ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಹತ್ತಿರದಲ್ಲಿ ಎಲ್ಲಿ ಒಪ್ಪಿಸಬೇಕೆಂದು ಕೇಳಿ. ಸ್ಮಾರ್ಟ್ ಟಿವಿ ಆಗಿದ್ದರೆ ಕೊಡುವ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಒಟಿಟಿ ಖಾತೆ, ಇಮೇಲ್ ಎಲ್ಲ ಅದರಲ್ಲೇ ಉಳಿದಿರುತ್ತವೆ.